ಯಾರೂ ಬೇಡದ ಮಷೀನು

ಕಾಕಾರ ಬಲಗೈಯಲ್ಲಿ ಇದ್ದದ್ದು ಮೂರೇ ಬೆರಳು. ಮಿಕ್ಕೆರಡನ್ನು ನಮ್ಮ ಸಾಹುಕಾರರ ಶಹಾಪುರದ ಹತ್ತಿ ಮಿಲ್ಲು ನುಂಗಿತ್ತು. ಆಮೇಲೆ ಅವರನ್ನು ಯಾದಗಿರಿಯ ಆಫೀಸಿಗೆ ತಂದು ಕಂಪ್ಯೂಟರಿನ ಮುಂದೆ ಕೂಡ್ರಿಸಿದರಂತೆ; ಅಲ್ಲಿ ಎಲ್ಲರಿಗೂ ಅವರು ಕಾಕಾ. ನಾನು ಅವರ ಕೈಕೆಳಗೆ ಸೇರಿದ ದಿನವೇ ಯಾವುದೋ ತಪ್ಪು ಗುಂಡಿ ಒತ್ತಿದೆ. ಆ ಕೈಯನ್ನು ನನ್ನ ಮುಖದ ಮುಂದೆ ಹಿಡಿದು, "ಮಷೀನಿಗಿ ಕರುಣಾ ಇರಲ್ಲ ತಂಗಿ. ನನಗೂ ಇಲ್ಲ" ಎಂದರು. ಸುಳ್ಳಲ್ಲ, ನನ್ನನ್ನು ಎಲ್ಲರೆದುರು ಎಷ್ಟೋ ಸಲ ಅಳಿಸಿದ್ದಾರೆ. ಕೆಲಸ ಕಲಿಸಿದವರೂ ಅವರೇ.

ಬೇಸಿಗೆ ಬಂತೆಂದರೆ ಯಾದಗಿರಿಯ ಇ-ಮೇಲ್ ಸರ್ವರ್ ಕೈಕೊಡುತ್ತಿತ್ತು. ಅದು ಮಲಗಿದಾಗ ಬಂದ ಪತ್ರಗಳನ್ನು ಹಿಡಿದಿಟ್ಟು, ಎದ್ದ ಮೇಲೆ ಒಪ್ಪಿಸುವ ಇನ್ನೊಂದನ್ನು ಸುರಪುರದ ಶಾಖೆಯಲ್ಲಿ ಇಡಬೇಕೆಂದಾಯಿತು. ಅಲ್ಲಿ ಕಂಪ್ಯೂಟರ್ ಬಲ್ಲವರಿರಲಿಲ್ಲ. ಕಾಕಾ ಮೂರು ಹಳೆಯ ಕಂಪ್ಯೂಟರುಗಳಲ್ಲಿ ಮೂರು ಬಗೆಯ ಸಾಫ್ಟ್‌ವೇರ್ ಹಾಕಿ, ತಿಂಗಳ ತನಕ ಯಾರೂ ಮುಟ್ಟಕೂಡದೆಂದರು. ಯಾವುದು ತಾನೇ ಏಳುತ್ತದೆಂದು ನೋಡಲು ತಾವು ಮಾತ್ರ ಆಗಾಗ ಬಸ್ಸು ಹಿಡಿದು ಹೋಗಿ, ಹೇಳದೆ ಕೇಳದೆ ಪ್ಲಗ್ ಕಿತ್ತು ಮತ್ತೆ ಹಾಕಿ ಬರುತ್ತಿದ್ದರು. ಚೆಂದದ ಪರದೆಯಿದ್ದದ್ದು ಅಪ್‌ಡೇಟ್ ಕೇಳುತ್ತ ನಿಂತುಬಿಟ್ಟಿತು. ಇನ್ನೊಂದು ತನ್ನದೇ ದಿನಚರಿ ಬರೆದು ಬರೆದು ಡಿಸ್ಕು ತುಂಬಿಸಿಕೊಂಡಿತು. ಮೂರನೆಯದಕ್ಕೆ ಪರದೆಯೇ ಇಲ್ಲ, ಏನು ಮಾಡಬೇಕೆಂದು ಒಂದು ಪುಟದಷ್ಟು ಬರೆದಿಟ್ಟರೆ ಮುಗಿಯಿತು. ಅದು ಪ್ರತಿ ಸಲವೂ ತಾನೇ ಎದ್ದು ಕೆಲಸ ಹಿಡಿಯಿತು.

"ಅನಾಥ ಕೂಸಿನಂಗ ಬದುಕೂದು ಇದೊಂದೇ" ಎಂದು ಅದನ್ನೇ ಇಟ್ಟರು.

ಒಂದು ದಿನ ಸಾಹುಕಾರರು ನನ್ನನ್ನು ಒಬ್ಬಳನ್ನೇ ಕರೆದರು. "ಸುರಪುರದ್ದು ನೋಡಾಕ ಎಷ್ಟ್ ಮಂದಿ ಬೇಕವ್ವಾ?"

"ಯಾರೂ ಬ್ಯಾಡ್ರಿ."

"ಮತ್ತ ಇಲ್ಲೀದು?"

"ನಾ ಒಬ್ಬಾಕಿ ಸಾಕ್ರಿ."

ಜಂಬಕ್ಕೆ ಹೇಳಿದೆ. ಅಳಿಸಿದ್ದರ ಸೇಡೂ ಆ ಮಾತಿನಲ್ಲಿತ್ತು, ಈಗ ಮುಚ್ಚಿಡುವುದೇಕೆ.

ಹದಿನೈದು ದಿನಕ್ಕೆ ಯಾದಗಿರಿಯ ಸರ್ವರ್ ಮತ್ತೆ ಮಲಗಿತು. ಸುರಪುರದಲ್ಲಿ ಕಾದು ನಿಂತ ಪತ್ರಗಳನ್ನು ಕಾಕಾ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದರು, ನಾನು ಪಕ್ಕದಲ್ಲಿದ್ದೆ. ಸಾಹುಕಾರರು ಬೇರೆ ಊರಿನಿಂದ ಕಳಿಸಿದ್ದೊಂದು ಕಾಕಾರ ಹೆಸರಿಗೇ ಇತ್ತು. ತೆರೆದರು. ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ಬರೆದಿತ್ತು. ಸಾಹುಕಾರರಿಗೆ ನಾನು ಹೇಳಿದ ಮಾತಿನ ಫಲ ಎದುರಿಗಿತ್ತು.

"ಅಳಿಸಿಬಿಡ್ರಿ ಕಾಕಾ, ಬರಲೇ ಇಲ್ಲ ಅಂದ್ರಾತು."

"ಬಂದ ಟಪಾಲು ತಡಿಯೂದು ನಮ್ಮ ಕೆಲಸ ಅಲ್ಲ" ಎಂದವರೇ ಮೂರು ಬೆರಳಲ್ಲಿ ರಿಪೇರಿಗೆ ಕುಳಿತರು. ಮಧ್ಯಾಹ್ನದ ಊಟವನ್ನೂ ಮಾಡಲಿಲ್ಲ. ಸರ್ವರ್ ಎದ್ದಿತು. ಕಾಕಾರ ಪತ್ರ ಕಾಕಾರಿಗೆ ತಲುಪಿತು. ತಿಂಗಳ ಕೊನೆಗೆ ಕೆಲಸ ಬಿಟ್ಟು ಶಹಾಪುರಕ್ಕೆ ಹೋದರು.

ಎರಡು ವರ್ಷದ ಮೇಲೆ ಕಾಕಾ ಲಕ್ವಾ ಹೊಡೆದು ಮಲಗಿದ್ದಾರೆಂದು ತಿಳಿದು ನೋಡಲು ಹೋದೆ. ಮಾತು ತೊದಲುತ್ತಿತ್ತು.

"ಸುರಪುರದ್ದು ನಡದದೇನು?"

"ನಡದದ್ರಿ ಕಾಕಾ."

"ಯಾರರ ಮುಟ್ಟೀರೇನು?"

"ಒಮ್ಮಿನೂ ಇಲ್ರಿ."

ಆ ಮೂರು ಬೆರಳು ನನ್ನ ಮಣಿಕಟ್ಟನ್ನು ಹಿಡಿದವು. "ಹಂಗಾದ್ರ ನೀ ಸಾಹುಕಾರ್ರಿಗಿ ಹೇಳಿದ್ದು ಖರೇ ಅದ."

ಅವರಿಗೆ ಗೊತ್ತಿತ್ತು. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ತಪ್ಪಾಯಿತೆಂದು ಮುಂದಿನ ವಾರ ಹೋಗಿ ಹೇಳಬೇಕೆಂದಿದ್ದೆ, ಹೋದದ್ದು ಅವರ ಮಣ್ಣಿಗೆ.