ಬಾವಿಯ ಮೆಟ್ಟಿಲು ಕಾಯುವ ಹೊನ್ನವ್ವ

ಬೆಳಕು ಹರಿಯುವ ಮುನ್ನವೇ ಹೊನ್ನವ್ವ ಊರಬಾವಿಯ ಮೇಲಿನ ಮೆಟ್ಟಿಲಲ್ಲಿ ಕುಳಿತಿದ್ದಾಳೆ. ತೊಡೆಯ ಮೇಲೆ ರೈತ ಹನುಮಂತಪ್ಪನ ಪಾದ. ಹಿಮ್ಮಡಿಯ ಹುಣ್ಣಿನಿಂದ ಬಿಳಿ ನೂಲಿನಂಥ ಹುಳ ಹೊರಬಂದಿದೆ. ಅದನ್ನು ಜೋಳದ ದಂಟಿನ ಸಿಬಿರಿಗೆ ಮೆಲ್ಲಗೆ ಸುತ್ತುತ್ತಾಳೆ. ಹುಳ ಹರಿದರೆ ಕಾಲು ಕೊಳೆಯುತ್ತದೆ.

"ಒಮ್ಮೆಲೇ ಜಗ್ಗಿ ಒಗಿ ಬೇ!"

"ಎತ್ತಿನ ಮೂಗುದಾಣ ಏನೋ ಇದು? ಸುಮ್ನ ಕುಂಡ್ರು."

ದುಂಡಸಿಗೆ ಹೋಗುವ ದಾರಿಯಲ್ಲಿ ನಾನು ತಂಗಿರುವ ಈ ಸಣ್ಣ ಹಳ್ಳಿಯಲ್ಲಿ ನಾರುಹುಣ್ಣಾಗದ ಮನೆಯಿಲ್ಲ. ಬಿತ್ತನೆಯ ಹೊತ್ತಿಗೇ ಗಂಡಸರು ಕಾಲು ಚಾಚಿ ಮಲಗುತ್ತಾರೆ. ಹೊಲದ ಹದ ಆರಿದ ಮೇಲೆ ಏಳುತ್ತಾರೆ. ಮಕ್ಕಳ ಆಟದಲ್ಲಿ ಅಪ್ಪನಾದವನು ಕುಂಟಲೇಬೇಕು. ಹೊನ್ನವ್ವನ ಗಂಡ ಇದೇ ಹುಣ್ಣು ಕೊಳೆತು ಸತ್ತ. ಅಂದಿನಿಂದ ನಾರು ತೆಗೆಯುವುದೇ ಅವಳ ಕೆಲಸ.

ಹೋದ ವರ್ಷ ಬಂದಿದ್ದ ಡಾಕ್ಟರೊಬ್ಬರು ಅವಳಿಗೆ ತಿಳಿಸಿದ್ದಾರೆ: ಹುಣ್ಣಿನ ಕಾಲು ನೀರಿಗಿಳಿದರೆ ಹುಳ ಮರಿ ಬಿಡುತ್ತದೆ; ಆ ನೀರು ಕುಡಿದವರ ಮೈಯಲ್ಲಿ ಮುಂದಿನ ಬೇಸಿಗೆಗೆ ಹೊಸ ಹುಳ. ಕಾಲನ್ನು ಕೆಂಡದಂತೆ ಉರಿಸಿ ಮನುಷ್ಯನನ್ನು ನೀರಿಗೆ ಓಡಿಸುವುದೂ ಅದೇ ಹುಳ. ನಮ್ಮಜ್ಜಿಯ ಕಥೆಗಳಲ್ಲಿ ದೆವ್ವ ಹೊಕ್ಕವರು ಹೀಗೇ ನಡೆಯುತ್ತಿದ್ದರು: ಕಾಲು ಅವರದು, ದಾರಿ ದೆವ್ವದ್ದು.

ಒಂದೇ ಒಂದು ಬೇಸಿಗೆ ಹುಣ್ಣಿನ ಕಾಲು ಬಾವಿಗಿಳಿಯದಿದ್ದರೆ ಪೀಡೆ ತೊಲಗೀತೆಂದು ಹೊನ್ನವ್ವ ಯುಗಾದಿಯಿಂದ ಮೆಟ್ಟಿಲು ಕಾಯುತ್ತಿದ್ದಾಳೆ. ಉರಿ ಎಂದವರಿಗೆ ಮೇಲೆಯೇ ಕೊಡದಿಂದ ನೀರು ಸುರಿಯುತ್ತಾಳೆ. "ಬಾವಿ ನಿಮ್ಮಪ್ಪಂದೇನ?" ಎಂದು ಬೈಸಿಕೊಳ್ಳುತ್ತಾಳೆ. ನೀರು ಸೋಸಿ ಕುಡಿಯಬಾರದೇ ಎಂದು ನಾನು ಕೇಳಿದರೆ ನಗುತ್ತಾಳೆ.

"ಯುದ್ಧ ಬಂದು ಅರಿವಿಗೂ ರೇಶನ್ ಆಗೇತಿ ತಂಗಿ. ಉಡಾಕ ಇಲ್ಲ, ಸೋಸಾಕ ಎಲ್ಲಿಂದ ತರೂನು?"

ಬಿಸಿಲೇರುತ್ತದೆ. ಹನುಮಂತಪ್ಪ ಹಲ್ಲು ಕಚ್ಚುತ್ತಾನೆ. ಹೊನ್ನವ್ವ ಕೊಡಕ್ಕೆ ಕೈ ಚಾಚುವಷ್ಟರಲ್ಲಿ ಅವನು ಕಾಲು ಕಿತ್ತುಕೊಂಡು, ತೆವಳುತ್ತಾ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಲ್ಲಿ ನಿಂತುಬಿಡುತ್ತಾನೆ.

"ಹತ್ತೋ ಮ್ಯಾಲ! ಹಾಟ್ಯಾ, ಹತ್ತೋ!"

"ತಡಿ ಬೇ... ಜೀವ ಬಂದಂಗ ಆತು."

ಪಾದದ ಸುತ್ತ ನೀರು ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ. ನೋಡನೋಡುತ್ತಲೇ ತಿಳಿಯಾಗುತ್ತದೆ. ನೀರಿಗೆ ಬಂದ ಸಾವಂತ್ರವ್ವ ಅಲ್ಲೇ ಪಕ್ಕದಲ್ಲಿ ಕೊಡ ಮುಳುಗಿಸುತ್ತಾಳೆ. ಊರಿಗೆ ಬೇರೆ ನೀರಿಲ್ಲ.

ಹೊನ್ನವ್ವ ಅವನನ್ನು ಹೆಗಲು ಕೊಟ್ಟು ಮೇಲೆ ತರುತ್ತಾಳೆ. ನಂತರ ಸಾವಂತ್ರವ್ವನ ಕೊಡಕ್ಕೆ ಬೊಗಸೆಯೊಡ್ಡಿ, ಅದೇ ನೀರು ಕುಡಿದು, ಬಾಯೊರೆಸಿಕೊಂಡು ಹನುಮಂತಪ್ಪನ ಪಾದವನ್ನು ಮತ್ತೆ ತೊಡೆಗೆಳೆದುಕೊಂಡು ನನ್ನತ್ತ ನೋಡುತ್ತಾಳೆ.

"ಮುಂದಿನ ಬ್ಯಾಸಗಿಗೆ ನನಗೂ ಬರತೈತಿ. ಕಾಲಾಗ ಬರಲಿ ತಂಗಿ, ಕೈಯಾಗ ಬರೂದು ಬ್ಯಾಡ. ಇವರದೆಲ್ಲ ತೆಗೀಬೇಕಲ್ಲ."