ತಿಪ್ಪೆ ಒಪ್ಪಿದ ಚರ್ಮ

ಶಿಗ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಪ್ಪಲಿ ಹೊಲಿಯುವ ದುರಗವ್ವ ಅಂಗಡಿಯ ಬೀಗ ತೆಗೆಯುವುದು ಬಿಟ್ಟು ರೈತ ಹುಚ್ಚೀರಪ್ಪನವರ ಹಿತ್ತಲಿನ ತಿಪ್ಪೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಗೊಬ್ಬರ ಬಗೆಯುತ್ತಿದ್ದಾರೆ. ಹೋದ ಬೇಸಿಗೆಯಲ್ಲಿ ನೈಲಾನ್ ದಾರಕ್ಕೆ ಕಟ್ಟಿ ಹೂತಿಟ್ಟ ಅಂಗೈಯಗಲದ ಚರ್ಮ ಅಲ್ಲೆಲ್ಲೋ ಇರಬೇಕು. ದಾರ ಸಿಗುತ್ತದೆ. ಎಳೆದರೆ ಬರಿಯ ಗಂಟು ಬರುತ್ತದೆ, ಚರ್ಮ ಇಲ್ಲ.

"ನೋಡ್ರಿ ಯಜಮಾನ್ರ, ಪೂರಾ ಮಣ್ಣಾಗೇತಿ."

ಹುಚ್ಚೀರಪ್ಪನವರು ಅಷ್ಟು ಸುಲಭಕ್ಕೆ ನಂಬುವ ಆಸಾಮಿಯಲ್ಲ. ಆ ಜಾಗದ ಗೊಬ್ಬರವನ್ನು ತಾವೇ ಜರಡಿಗೆ ಹಾಕಿ ಅಲ್ಲಾಡಿಸುತ್ತಾರೆ. ಚೂರೂ ಸಿಗುವುದಿಲ್ಲ. ಜರಡಿ ಅಲ್ಲೇ ಇಟ್ಟು ಒಳಗೆ ನಡೆಯುತ್ತಾರೆ. ಸತತ ಮೂರು ವರ್ಷ ಚರ್ಮ ಕರಗಿದರೆ ಮಾತ್ರ ದುರಗವ್ವನ ಅಂಗಡಿಯ ಚೂರುಗಳಿಗೆ ತಮ್ಮ ತಿಪ್ಪೆಯಲ್ಲಿ ಮತ್ತೆ ಜಾಗ ಎಂದು ಹೇಳಿದ್ದವರು ಅವರು. ಇದು ಮೂರನೆಯ ವರ್ಷ.

ದುರಗವ್ವನಿಗೆ ಈಗ ನಲವತ್ತೇಳು. ಗಂಡ ಯಂಕಪ್ಪ ಅಟ್ಟೆ ಕತ್ತರಿಸುತ್ತಾರೆ, ಇವರು ಹೊಲಿಯುತ್ತಾರೆ. ದಿನಕ್ಕೆ ಹೆಚ್ಚೆಂದರೆ ಎರಡು ಜೊತೆ ಹೊಸ ಚಪ್ಪಲಿ, ಹತ್ತು ಹನ್ನೆರಡು ರಿಪೇರಿ. ವಾರಕ್ಕೆ ನಾಲ್ಕು ಕಿಲೋ ಚೂರು ಉಳಿಯುತ್ತದೆ. ಆ ಚೂರುಗಳನ್ನು ಹುಚ್ಚೀರಪ್ಪನವರ ತಿಪ್ಪೆಗೆ ಹಾಕುವುದು ಮಾವನ ಕಾಲದ ರೂಢಿ. ಚರ್ಮ ಕೊಳೆತರೆ ಗೊಬ್ಬರಕ್ಕೆ ಬಲ. ಮುಂದೆ ಚರ್ಮ ಸಿಗುವುದು ಕಷ್ಟವಾಗಿ ಯಂಕಪ್ಪ ರೆಕ್ಸಿನ್ ತಂದರು. ಕೆಲಸ ಹಗುರವಾಯಿತು, ಬಣ್ಣ ಬಣ್ಣದ ಚಪ್ಪಲಿಗೆ ಗಿರಾಕಿಗಳೂ ಹೆಚ್ಚಿದರು. ರೂಢಿ ಮಾತ್ರ ಬದಲಾಗಲಿಲ್ಲ. ಹದಿನೈದು ವರ್ಷ ರೆಕ್ಸಿನ್ ಚೂರೂ ಅದೇ ತಿಪ್ಪೆಗೆ ಬಿತ್ತು, ಅಲ್ಲಿಂದ ಹೊಲ ಸೇರಿತು. ಇದು ಚರ್ಮ ಅಲ್ಲವಲ್ಲ ಎಂದು ಯಾರಿಗೂ ಹೊಳೆಯಲೇ ಇಲ್ಲ.

ಆರು ವರ್ಷದ ಹಿಂದೆ ಒಂದು ಮುಂಜಾನೆ ಹುಚ್ಚೀರಪ್ಪನವರು ರುಮಾಲಿನ ಗಂಟು ತಂದು ಅಂಗಡಿಯ ಮುಂದೆ ಬಿಚ್ಚಿದರು. ಕೆಂಪು, ಕಪ್ಪು, ಬಂಗಾರದ ಬಣ್ಣದ ಚೂರುಗಳು. ಹತ್ತು ಮಳೆಗಾಲ ಕಂಡರೂ ಹೊಳಪು ಕುಂದಿರಲಿಲ್ಲ.

"ಶೇಂಗಾ ಕಿತ್ತರ ನಿಮ್ಮ ಅಂಗಡಿ ಬರಾಕತ್ತೈತಿ ನೋಡವಾ. ಇನ್ನ ಮ್ಯಾಲ ನನ್ನ ತಿಪ್ಪಿಗೆ ಏನೂ ಹಾಕಬ್ಯಾಡ್ರಿ," ಎಂದಷ್ಟೇ ಹೇಳಿ ಹೋದರು.

"ಬೈದಿದ್ರ ಬೇಶಿತ್ರಿ," ಎನ್ನುತ್ತಾರೆ ದುರಗವ್ವ, ಇದನ್ನೆಲ್ಲ ಬರೆದುಕೊಳ್ಳಲು ಬಂದ ಪತ್ರಿಕೆಯವರಿಗೆ. "ಅನ್ನಾ ಕೊಡೂ ಮಣ್ಣಿಗೆ ನಾವ ಹೊಲಸ ಹಾಕಿದ್ವಿ." ಮರುದಿನವೇ ಗಂಡ ಹೆಂಡತಿ ಆ ಹೊಲಕ್ಕಿಳಿದರು. ನಾಲ್ಕು ದಿನ ಬಗ್ಗಿದ ಬೆನ್ನು ಎತ್ತದೆ ಎರಡು ಚೀಲ ಚೂರು ಆರಿಸಿದರು. ಅದನ್ನು ಕಂಡ ಮೇಲೆ ಹುಚ್ಚೀರಪ್ಪನವರು ಒಂದಿಷ್ಟು ಮೆತ್ತಗಾಗಿ, ಪರೀಕ್ಷೆಗೆಂದು ತಿಪ್ಪೆಯ ಒಂದು ಮೂಲೆ ಬಿಟ್ಟುಕೊಟ್ಟರು.

ಚರ್ಮಕ್ಕೆ ಮರಳಿದರೆ ಎಲ್ಲ ಸರಿಹೋದೀತು ಎಂದುಕೊಂಡದ್ದೂ ಹುಸಿಯಾಯಿತು. ಪೇಟೆಯಿಂದ ತಂದ ನುಣುಪು ಚರ್ಮ ವರ್ಷ ಕಳೆದರೂ ತಿಪ್ಪೆಯೊಳಗೆ ನೀಲಿಗಟ್ಟಿ ಹಾಗೇ ಕುಳಿತಿತ್ತು. ಅದನ್ನು ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡುತ್ತಾರೆ, ಆ ನೀರು ಬಿಟ್ಟ ಹಳ್ಳ ಕೆಡುತ್ತದೆ ಎಂದು ತಿಳಿದದ್ದು ಆಮೇಲೆ. ಹುಡುಕುತ್ತ ಹುಡುಕುತ್ತ ಮುಂಡರಗಿ ಕಡೆಯ ಕಳಕಪ್ಪಜ್ಜ ಸಿಕ್ಕರು. ತಾನಾಗಿ ಸತ್ತ ಎಮ್ಮೆಯ ತೊಗಲನ್ನು ತಂಗಡಿ, ಅಂದರೆ ಆವರಿಕೆ ಗಿಡದ ತೊಗಟೆಯ ನೀರಿನಲ್ಲಿ ನಲವತ್ತು ದಿನ ನೆನೆಹಾಕಿ ಹದ ಮಾಡುವವರು. ಆ ಚರ್ಮ ಮೊದಲ ವರ್ಷವೇ ಕರಗಿತು.

ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಫ್ಯಾಷನ್ ಚೀಲಗಳ ಅಂಗಡಿ ನಡೆಸುವ ಅಂಕಿತಾ ಬಂದರು. ಕೈಯಲ್ಲಿ ಕಳ್ಳಿಗಿಡದಿಂದ ಮಾಡಿದ್ದು ಎನ್ನಲಾದ ಹಸಿರು 'ಚರ್ಮ'. ಪ್ರಾಣಿಗೂ ನೋವಿಲ್ಲ, ಪರಿಸರಕ್ಕೂ ಕೇಡಿಲ್ಲ, ಮುನ್ನೂರು ಚೀಲ ಹೊಲಿದುಕೊಡಿ ಎಂದರು.

"ಒಂದ ವರ್ಷ ತಡೀರಿ, ತಿಪ್ಪಿ ಕೇಳಿ ಹೇಳತೇನಿ," ಎಂದರು ದುರಗವ್ವ. ಮನೆ ಬಾಗಿಲಿಗೆ ಬಂದ ಭಾಗ್ಯವನ್ನು ಗೊಬ್ಬರದಲ್ಲಿ ಹೂಳುತ್ತಾಳಲ್ಲ ಎಂದು ಯಂಕಪ್ಪ ಹಣೆ ಹಣೆ ಚಚ್ಚಿಕೊಂಡರು.

ವರ್ಷದ ನಂತರ ತಿಪ್ಪೆಯಿಂದ ಎದ್ದು ಬಂದದ್ದು ತೆಳ್ಳನೆಯ ಪ್ಲಾಸ್ಟಿಕ್ ಪೊರೆ. ಹಿಂದಿನ ಬಟ್ಟೆ ಕರಗಿತ್ತು, ಮೇಲಿನ ಲೇಪ ಜಪ್ಪಯ್ಯ ಅಂದಿರಲಿಲ್ಲ. ದುರಗವ್ವ ಅದನ್ನು ತೊಳೆದು ಅಂಚೆಯಲ್ಲಿ ಕಳಿಸಿಬಿಟ್ಟರು. ಸಿಟ್ಟಾಗುತ್ತಾರೆಂದು ಮನೆಯವರೆಲ್ಲ ಹೆದರಿದ್ದರೆ ಅಂಕಿತಾ ಎರಡೇ ದಿನಕ್ಕೆ ಹಾಜರ್. "ಮಾಲು ಕೊಟ್ಟೋರು ನನಗ ಹೇಳಿದ್ದ ಒಂದು, ಇದು ಹೇಳೂದ ಒಂದು. ನಿಮ್ಮ ತೊಗಟಿ ಚರ್ಮದಾಗ ಮಾಡಿಕೊಡ್ರಿ," ಎಂದರು. ಈಗ ತಿಂಗಳಿಗೆ ನಲವತ್ತು ಚೀಲ ಹೋಗುತ್ತವೆ. ಊರಿನ ಐವರು ಹೆಣ್ಣುಮಕ್ಕಳು ದುರಗವ್ವನ ಮನೆಯ ಪಡಸಾಲೆಯಲ್ಲಿ ಕುಳಿತು ಹೊಲಿಯುತ್ತಾರೆ.

ಹಾಗೆಂದು ರೆಕ್ಸಿನ್ ಚಪ್ಪಲಿ ತಂದವರನ್ನು ದುರಗವ್ವ ಹಿಂದಕ್ಕೆ ಕಳಿಸುವುದಿಲ್ಲ. "ಕೊಂಡಿದ್ದ ಆತಲ್ರಿ. ಒಗದ್ರ ಎಲ್ಲಿಗೆ ಹೋಗತೈತಿ? ಹೊಲದು ಕೊಡತೇನಿ, ಇನ್ನೆರಡ ವರ್ಷ ಮೆಟ್ಲಿ." ಅದರ ಚೂರುಗಳನ್ನು ಗಾಡಿ ಸೀಟಿನ ಮೆತ್ತೆಗೆ ತುಂಬುತ್ತಾರೆ.

ಇವತ್ತು ತಿಪ್ಪೆಯಿಂದ ಬಂದ ದುರಗವ್ವ ಕೈ ತೊಳೆದು ಕೆಲಸಕ್ಕೆ ಕೂರುವಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ಹುಚ್ಚೀರಪ್ಪನವರು. ತಲೆಯ ಮೇಲೆ ಖಾಲಿ ಬುಟ್ಟಿ. ಅದನ್ನು ಇಳಿಸಿ ಹೊಸ್ತಿಲ ಪಕ್ಕ ಇಡುತ್ತಾರೆ.

"ಚೂರೆಲ್ಲಾ ಇದರಾಗ ಹಾಕವಾ. ವಾರಕ್ಕೊಮ್ಮಿ ನಾನ ಬಂದು ಒಯ್ಯತೇನಿ. ನೀವು ಹೊತ್ತು ತರೂದು ಬ್ಯಾಡ."

ಅವರು ಹೋದ ಮೇಲೆ ದುರಗವ್ವ ಎದ್ದು, ಆರು ವರ್ಷ ಎಲ್ಲಿಯೂ ಸಲ್ಲದಿದ್ದ ತಮ್ಮ ಕೆಲಸದ ಚೂರುಗಳನ್ನು ಬೊಗಸೆ ತುಂಬ ತಂದು ಬುಟ್ಟಿಗೆ ಸುರಿಯುತ್ತಾರೆ. ಪತ್ರಿಕೆಯವರು ಫೋಟೋಕ್ಕೆಂದು ಕ್ಯಾಮೆರಾ ಎತ್ತಿದ್ದನ್ನು ಕಂಡು ಸೆರಗು ಸರಿಪಡಿಸಿಕೊಂಡು ಪಕ್ಕಕ್ಕೆ ಸರಿಯುತ್ತಾರೆ.

"ನಂದೇನ ತಗೀತೀರಿ, ಬಿಡ್ರಿ. ಆ ಬುಟ್ಟೀದು ತಗೀರಿ."