ವೈನ್ ತೋಟದ ದಾರಿ ಬಲ್ಲವನು

ಇಪ್ಪತ್ತಾರು ವರ್ಷ ಅವನು ಜನರನ್ನು ವೈನ್ ಕುಡಿಯಲು ಕರೆದುಕೊಂಡು ಹೋಗಿದ್ದ. ತಾನು ಮಾತ್ರ ಒಂದು ಹನಿಯನ್ನೂ ತುಟಿಗೆ ಸೋಕಿಸಿರಲಿಲ್ಲ. ಇದರಲ್ಲಿ ವ್ರತವೂ ಇಲ್ಲ, ವೈರಾಗ್ಯವೂ ಇಲ್ಲ. ಅವನು ಪ್ರವಾಸಿ ಬಸ್ಸಿನ ಡ್ರೈವರ್. ಬೆಟ್ಟದ ಮೇಲಿನ ದ್ರಾಕ್ಷಿ ತೋಟಗಳಿಗೆ ಬೆಳಿಗ್ಗೆ ಮೂವತ್ತು ಜನರನ್ನು ಹತ್ತಿಸಿಕೊಂಡು ಹೋಗಿ, ಸಂಜೆ ಅಷ್ಟೂ ಜನರನ್ನು ನೆಟ್ಟಗೆ ಇಳಿಸಬೇಕಿತ್ತು. ಹೋಗುವಾಗ ಮೂವತ್ತು ಜನ ಮೂವತ್ತು ಥರ ಇರುತ್ತಿದ್ದರು, ಬರುವಾಗ ಎಲ್ಲರೂ ಒಂದೇ ಥರ.

ಒಳಗೆ ತೋಟದವರು ಪ್ರವಾಸಿಗಳಿಗೆ ರುಚಿ ತೋರಿಸುವಾಗ ಡ್ರೈವರುಗಳಿಗೆ ಹೊರಗೆ ಗೋಡೆ ಪಕ್ಕ ಒಂದು ಬೆಂಚು, ಒಂದು ಲೋಟ ಚಹಾ. ಕಿಟಕಿ ತೆರೆದೇ ಇರುತ್ತಿತ್ತು. "ಮೊದಲು ಗ್ಲಾಸು ತಿರುಗಿಸಿ, ಆಮೇಲೆ ಮೂಸಿ, ನಾಲಿಗೆ ಮೇಲೆ ಸ್ವಲ್ಪ ಹೊತ್ತು ಇಟ್ಕೊಳ್ಳಿ" ಎಂಬುದು ಅವನಿಗೆ ಬಾಯಿಪಾಠವಾಗಿಬಿಟ್ಟಿತ್ತು. ಒಣಗಿದ ಕಿತ್ತಳೆ ಸಿಪ್ಪೆ, ಮಳೆ ಬಿದ್ದ ಕಲ್ಲು, ಹಳೆ ಚರ್ಮದ ಚೀಲ, ಹೀಗೆ ಜನ ಗ್ಲಾಸಿನಲ್ಲಿ ಏನೇನನ್ನೋ ಕಂಡುಹಿಡಿಯುತ್ತಿದ್ದರು. ದ್ರಾಕ್ಷಿಯ ವಾಸನೆ ಬಂತು ಅಂದವರು ಮಾತ್ರ ಒಬ್ಬರೂ ಇಲ್ಲ.

ಕೆಲಸದಿಂದ ನಿವೃತ್ತನಾದ ಮೇಲೆ ಎರಡು ಕೋಣೆಯ ಮನೆಯಲ್ಲಿ ಅವನೊಬ್ಬನೇ. ಮದುವೆ ಕೂಡಿಬಂದಿರಲಿಲ್ಲ; ಊರಿಗೆಲ್ಲ ರಜೆ ಇದ್ದ ದಿನವೇ ದುಡಿಯುತ್ತಿದ್ದವನಿಗೆ ಗೆಳೆಯರೂ ಕೂಡಿಬಂದಿರಲಿಲ್ಲ. ಭಾನುವಾರ ಅಕ್ಕನ ಫೋನು ಬಂದರೆ ಬಂತು. ಮಿಕ್ಕ ಆರು ದಿನ ತನ್ನ ದನಿ ತನಗೇ ಮರೆತುಹೋದೀತೆಂದು ಹೆದರಿ, ಬೇಕಿಲ್ಲದಿದ್ದರೂ ಅಂಗಡಿಗೆ ಹೋಗಿ ಬ್ರೆಡ್ ಇವತ್ತಿನದೇನಾ ಎಂದು ಕೇಳಿಕೊಂಡು ಬರುತ್ತಿದ್ದ.

ಹೀಗಿರುವಾಗ ಫೋನಿನಲ್ಲಿ ವೈನ್ ಪ್ರಿಯರದೊಂದು ಗುಂಪು ಸಿಕ್ಕಿತು. ಬಾಟಲಿಯನ್ನು ಮಲಗಿಸಿಡಬೇಕೋ ನಿಲ್ಲಿಸಿಡಬೇಕೋ ಎಂದು ಅಲ್ಲಿ ವಾರಗಟ್ಟಲೆ ಜಗಳ. ಒಂದು ದಿನ ಯಾರೋ ಯಾವ ತೋಟಕ್ಕೆ ಹೋಗಲಿ ಎಂದು ಕೇಳಿದರು. ಇವನು 'ದಾರಿಬಲ್ಲವ' ಎಂದು ಹೆಸರಿಟ್ಟುಕೊಂಡು ಬರೆದ. ಕಲ್ಲಿನ ಕಮಾನಿನ ತೋಟಕ್ಕೆ ಹನ್ನೊಂದರೊಳಗೆ ಹೋಗಿ, ಆಮೇಲೆ ಬಸ್ಸುಗಳು ಬರುತ್ತವೆ. ಕೊಳದ ಪಕ್ಕದ ತೋಟದ ನೆಲಮಾಳಿಗೆಗೆ ಸ್ವೆಟರ್ ಹಾಕಿಕೊಂಡು ಇಳಿಯಿರಿ, ಏಳನೇ ಮೆಟ್ಟಿಲು ಜಾರುತ್ತದೆ. ಕೊಂಡ ಬಾಟಲಿಗಳನ್ನು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ.

ರುಚಿಯ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ಗೊತ್ತಿದ್ದರಲ್ಲವೇ ಬರೆಯುವುದು! ಜನ ಅದನ್ನೇ ಪಾಂಡಿತ್ಯ ಎಂದುಕೊಂಡರು. "ನಿಜವಾಗ್ಲೂ ಗೊತ್ತಿರೋರು ಹೀಗೇ, ಮಾತು ಕಮ್ಮಿ" ಎಂದು ಗುಂಪಿನ ಹಲ್ಲಿನ ಡಾಕ್ಟರು ಹೊಗಳಿದ. ಇವನು ಅಲ್ಲಗಳೆಯಲಿಲ್ಲ. ಎರಡು ವರ್ಷ ಅಲ್ಲಗಳೆಯಲಿಲ್ಲ.

ಕೊನೆಗೆ ಆ ಗುಂಪಿನ ಐವರು ಬಂದೇಬಿಡುತ್ತೇವೆ ಎಂದರು. ಬೆಟ್ಟದ ತೋಟದಲ್ಲಿ ಮಧ್ಯಾಹ್ನದ ಊಟ, ಆರು ಕುರ್ಚಿ, ಆರನೆಯದು ಇವನದು. "ನಮ್ಮ ಜೊತೆ ಕೂತು ಕುಡೀಲೇಬೇಕು" ಎಂದು ಡಾಕ್ಟರು ಬರೆದಿದ್ದ. ಆ ಸಾಲನ್ನು ಅವನು ಎಷ್ಟು ಸಲ ಓದಿದನೋ ಲೆಕ್ಕವಿಲ್ಲ. ಭಾನುವಾರ ಅಕ್ಕನಿಗೆ ಹೇಳಿದ.

"ಈ ವಯಸ್ಸಲ್ಲಿ ಕುಡಿಯೋದು ಕಲೀತೀಯೇನೋ?"

"ಕುಡಿಯೋಕಲ್ಲ ಅಕ್ಕ, ಕೂತ್ಕೊಳ್ಳೋಕೆ."

"ಹಾಗಾದ್ರೆ ಆ ನೀಲಿ ಶರ್ಟು ಹಾಕ್ಕೊಂಡು ಹೋಗು" ಎಂದಳು.

ಬಾಡಿಗೆ ವ್ಯಾನಿನಲ್ಲಿ ಬಂದು ಅವನನ್ನೂ ಹತ್ತಿಸಿಕೊಂಡರು: ಡಾಕ್ಟರು, ಅವನ ಹೆಂಡತಿ, ಟೀಚರಾಗಿದ್ದ ಇಬ್ಬರು ಅಕ್ಕತಂಗಿಯರು, ಒಬ್ಬ ಫೋಟೋಗ್ರಾಫರ್. "ಇವತ್ತು ಗಾಡಿ ಓಡಿಸೋದು ನಾನು. ನಾನು ಬಾಯಲ್ಲಿಟ್ಟು ಉಗುಳೋದಷ್ಟೇ" ಎಂದು ಡಾಕ್ಟರು ಮೊದಲೇ ಸಾರಿದ. ತೋಟದ ಗೋಡೆ ಪಕ್ಕದ ಬೆಂಚಿನ ಮೇಲೆ ಯಾರೋ ಡ್ರೈವರ್ ಕಾಲು ಚಾಚಿ ಕೂತಿದ್ದ. ಇವನು ಆ ಕಡೆ ನೋಡದೆ ಒಳಗೆ ನಡೆದ. ನೋಡದೆ ಬಂದದ್ದಕ್ಕೆ ಒಳಗೊಳಗೇ ನಾಚಿಕೊಂಡ.

ಆದರೆ ಒಳಗೆ ಎಂಥ ಸುಖ! ಅವನಿಗೆಂದು ಕುರ್ಚಿ ಎಳೆದರು, ಮೊದಲ ತಟ್ಟೆ ಅವನ ಮುಂದಿಟ್ಟರು, ಅವನ ಸಣ್ಣ ಮಾತಿಗೂ ನಕ್ಕರು. ವೈನ್ ಬಂದಾಗಲೆಲ್ಲ ಗ್ಲಾಸಿನ ಮೇಲೆ ಅಂಗೈ ಇಟ್ಟು, "ನಾನು ಕೊನೇದಕ್ಕೆ ಕಾಯ್ತೀನಿ" ಎಂದ. ಅದನ್ನೂ ಅವರು ಪಾಂಡಿತ್ಯದ ಲೆಕ್ಕಕ್ಕೇ ಸೇರಿಸಿದರು.

ಕೊನೆಯ ಬಾಟಲಿಯನ್ನು ತೋಟದ ಯಜಮಾನ ನೆಲಮಾಳಿಗೆಯಿಂದ ತಾನೇ ತಂದು ಸುರಿದ. ಐವರೂ ಇವನ ಮುಖ ನೋಡುತ್ತ ಕೂತರು. "ಮೊದಲ ಗುಟುಕು ನಿಮ್ಮದೇ" ಎಂದಳು ದೊಡ್ಡ ಟೀಚರ್. ಅವನು ಗ್ಲಾಸು ತಿರುಗಿಸಿದ, ಮೂಸಿದ. ಕಿಟಕಿಯಿಂದ ಕೇಳಿ ಕಲಿತ ಮಾತೊಂದೂ ನೆನಪಿಗೆ ಬರಲಿಲ್ಲ, ಬೇಕೆನ್ನಿಸಲೂ ಇಲ್ಲ. ಗ್ಲಾಸು ತುಟಿಯ ಹತ್ತಿರ ಬಂತು.

ಆಗ ಕಣ್ಣು ಡಾಕ್ಟರನ ಮೇಲೆ ಬಿತ್ತು. ಅವನ ಕಿವಿ ಕೆಂಪಾಗಿತ್ತು. ಉಗುಳುವ ಬಕೆಟ್ಟು ಅವನ ಕಾಲ ಬಳಿ ಬಹಳ ಹೊತ್ತಿನಿಂದ ಮುಟ್ಟದೆ ಹಾಗೇ ಇತ್ತು. ಬೆರಳಲ್ಲಿ ವ್ಯಾನಿನ ಕೀಲಿ ತಿರುಗುತ್ತ ಎರಡು ಸಲ ಕೆಳಗೆ ಬಿತ್ತು. ಇಳಿಯುವ ದಾರಿಯಲ್ಲಿ ಹತ್ತೊಂಬತ್ತು ತಿರುವು, ಮೂರನೆಯದಕ್ಕೆ ತಡೆಗೋಡೆ ಇಲ್ಲ. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದುಬಿಡಬಹುದಿತ್ತು, ಒಂದೇ ಗುಟುಕು. ಆದರೆ ಒಂದೇ ಗುಟುಕು ಅನ್ನುವವರನ್ನು ಅವನು ಇಪ್ಪತ್ತಾರು ವರ್ಷ ನೋಡಿದ್ದ.

ಗ್ಲಾಸನ್ನು ಕೆಳಗಿಟ್ಟ. "ಡಾಕ್ಟ್ರೇ, ಕೀಲಿ ಇಲ್ಲಿ ಕೊಡಿ."

"ಅಯ್ಯೋ, ನಂಗೇನೂ ಆಗಿಲ್ಲ ರೀ!"

"ಆಗಿಲ್ಲ, ಸರಿ. ಕೊಡಿ."

ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ಅವನ ಗ್ಲಾಸಿನಲ್ಲಿದ್ದುದನ್ನು ಐವರು ಹಂಚಿಕೊಂಡರು.

ವ್ಯಾನಿನಲ್ಲಿ ಐವರೂ ಹಿಂದೆ ಒತ್ತಿಕೊಂಡು ಕೂತರು. ಮುಂದೆ ಅವನ ಪಕ್ಕದ ಸೀಟಿಗೆ ಬಾಟಲಿಯ ಡಬ್ಬಗಳು ಬಂದವು. ಎಷ್ಟು ಹದವಾಗಿ ಓಡಿಸಿದನೆಂದರೆ ಐದನೇ ತಿರುವಿನ ಹೊತ್ತಿಗೆ ಗೊರಕೆ ಶುರುವಾಯಿತು. ಎದ್ದ ಮೇಲೆ ಅವರಿಗೆ ನಿಜ ಹೇಳಿಬಿಡಬೇಕು, ಇನ್ನೊಮ್ಮೆ ಬನ್ನಿ ಅನ್ನಬೇಕು, ಮುಂದಿನ ಸಲ ಬೇರೆ ಯಾರನ್ನಾದರೂ ಗಾಡಿಗೆ ಗೊತ್ತು ಮಾಡಬೇಕು ಎಂದು ಅವನು ಮಾತು ಜೋಡಿಸುತ್ತಿದ್ದ.

ಹಿಂದಿನಿಂದ ದೊಡ್ಡ ಟೀಚರ್ ನಿದ್ದೆಗಣ್ಣಲ್ಲೇ ಅಂದಳು: "ಡ್ರೈವರ್, ಎ.ಸಿ. ಸ್ವಲ್ಪ ಕಮ್ಮಿ ಮಾಡಪ್ಪ."

ಅವನಿಗೆ ನೋವಾಯಿತು. ಆದರೆ ನೋವು ಆಗುವುದಕ್ಕೂ ಮೊದಲೇ ಅವನ ಬಾಯಿ "ಆಯ್ತು ಮೇಡಂ" ಎಂದಿತ್ತು, ಕೈ ಎ.ಸಿ. ತಗ್ಗಿಸಿಯೂ ಆಗಿತ್ತು.